ಸಾರಕ್ಕಿಯ ಹನ್ನೊಂದು

ದರ್ಶಿನಿಯ ಕೌಂಟರಿನ ಮುಂದೆ ನಿಂತು, ಕಾಫಿಯೋ ಟೀಯೋ ಎಂದು ನಿರ್ಧರಿಸಲು ಐದು ನಿಮಿಷ ತೆಗೆದುಕೊಳ್ಳುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ, ನಮ್ಮ ತ್ಯಾಗರಾಜನಗರದ ಕೊಟ್ರಪ್ಪನವರನ್ನು. ಹಿಂದಿದ್ದವರು ಗೊಣಗುತ್ತಿದ್ದರೂ ಬೂದು ಸ್ವೆಟರಿನ ತೋಳನ್ನು ಎಳೆದುಕೊಳ್ಳುತ್ತ, "ಇರಿ ಸ್ವಾಮಿ, ನೋಡೋಣ" ಎನ್ನುವರು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಅವರ ವೃತ್ತಿಯೂ ಆಯ್ಕೆಯದೇ. ಬಡಾವಣೆಗಳಲ್ಲಿ ವಾರಕ್ಕೆ ಎಷ್ಟು ಮಂದಿಗೆ ಡೆಂಗ್ಯೂ ಬಂತೆಂಬ ಎಣಿಕೆಯಿಂದ ಮುಂದಿನ ವಾರಗಳ ಅಂದಾಜನ್ನು ಒಂದು ಸಂಸ್ಥೆಗಾಗಿ ಕಂಪ್ಯೂಟರಿನಲ್ಲಿ ತೆಗೆಯುವರು; ಅಂದಾಜು ಹೆಚ್ಚಿದ್ದ ಕಡೆಗೆ ಸೊಳ್ಳೆಗೆ ಹೊಗೆ ಹಾಕುವವರು ಮೊದಲು ಹೋಗುತ್ತಿದ್ದರು. ಹಿಂದಿನ ಎಷ್ಟು ವಾರಗಳನ್ನು ಗಣನೆಗೆ ತೆಗೆದುಕೊಳ್ಳಬೇಕು, ಮಳೆಯನ್ನು ಸೇರಿಸಬೇಕೇ, ಎಣಿಕೆ ದಿಢೀರನೆ ಜಿಗಿದರೆ ಅದನ್ನು ಮುಂದುವರಿಯುವ ಏರಿಕೆ ಎನ್ನಬೇಕೇ ಅಥವಾ ಆ ಒಂದು ವಾರದ ಅಪವಾದವೆಂದು ಬದಿಗಿಡಬೇಕೇ, ಇದನ್ನೆಲ್ಲ ಕಂಪ್ಯೂಟರಿಗೆ ಮೊದಲೇ ಗುರುತು ಹಾಕಿ ಹೇಳಬೇಕು. ಒಂದೊಂದಕ್ಕೂ ಅವರು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಗಣೇಶನ ಹಬ್ಬದ ವಾರ ಸಾರಕ್ಕಿ ಬಡಾವಣೆಯ ವರದಿ ಬರಲಿಲ್ಲ. ಮರುವಾರ ಹನ್ನೊಂದು ಎಂದು ಬಂತು. ಅಲ್ಲಿ ವಾರಕ್ಕೆ ಐದು ದಾಟಿದ್ದೇ ಅಪರೂಪ. ಹಬ್ಬದಲ್ಲಿ ತಪ್ಪಿದ ಲೆಕ್ಕ ಮುಂದಿನ ವಾರದ್ದರ ಜೊತೆ ಸೇರಿ ಬರುವುದನ್ನು ಇಪ್ಪತ್ತು ವರ್ಷ ನೋಡಿದ್ದ ಕೊಟ್ರಪ್ಪನವರು, ಆ ದಿನ ಮಾತ್ರ ಒಂದು ಕ್ಷಣವೂ ತಡೆಯದೆ ಅಪವಾದವೆಂದು ಗುರುತು ಹಾಕಿಬಿಟ್ಟರು. ಸಾರಕ್ಕಿಯ ಅಂದಾಜು ಕೆಳಗಿಳಿಯಿತು. ಹೊಗೆಯವರು ಮಡಿವಾಳದ ಕಡೆ ಹೋದರು. ಅದಾದ ಮೂರನೆಯ ವಾರ ಸಾರಕ್ಕಿಯಲ್ಲಿ ಡೆಂಗ್ಯೂವಿನಿಂದ ಸತ್ತವರಲ್ಲಿ ರಮ್ಯ ಎಂಬ ಇಪ್ಪತ್ತರ ಹುಡುಗಿ ಒಬ್ಬಳು. ಆ ಹನ್ನೊಂದನ್ನು ಮನೆಮನೆ ತಿರುಗಿ ಎಣಿಸಿ ಕಳಿಸಿದ್ದ ಆರೋಗ್ಯ ಕಾರ್ಯಕರ್ತೆ ಬೈರಮ್ಮನ ಮಗಳು.

ಕೊಟ್ರಪ್ಪನವರು ಆಕೆಯ ಮನೆಗೆ ಹೊರಟಾಗ ನಾನೂ ಹೋದೆ. ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಬೈರಮ್ಮ ದನಿ ಏರಿಸಲಿಲ್ಲ.

"ಹಬ್ಬದ್ ವಾರ ಯಾರ್ಗೂ ಜ್ವರ ಇರ್ಲಿಲ್ಲ ಸಾರ್, ಅದಕ್ಕೇ ಕಳಿಸ್ಲಿಲ್ಲ. ಆ ಹನ್ನೊಂದೂ ಒಂದೇ ವಾರದ್ದು, ನಮ್ಮ ಬೀದೀದೇ. ಒಂದ್ ಫೋನ್ ಮಾಡಿದ್ರೆ ಹೇಳ್ತಿದ್ದೆ. ನಂಬರ್ ಇತ್ತಲ್ಲ ನಿಮ್ಮತ್ರ?"

"ಇತ್ತಮ್ಮ" ಎಂದರು.

ತಪ್ಪು ತನ್ನದೆಂದು ಸಂಸ್ಥೆಗೆ ಬರೆದುಕೊಟ್ಟರು. ವರ್ಷದ ಒಟ್ಟು ಅಂದಾಜು ಬಹುಪಾಲು ಸರಿಯಾಗಿಯೇ ಇದೆ, ಮುಂದುವರಿಸಿ ಎಂದು ಉತ್ತರ ಬಂತು. ಮುಂದುವರಿಸಿದ್ದಾರೆ. ನನಗೆ ಅವರ ಮೇಲಿನ ಸಿಟ್ಟು ಇಳಿದಿಲ್ಲ, ಪ್ರೀತಿಯೂ ಹೋಗಿಲ್ಲ.

ಇಂಥವರು ಸೋಮಾರಿಗಳಲ್ಲ, ಕಟುಕರಂತೂ ಅಲ್ಲವೇ ಅಲ್ಲ. ಗೊತ್ತಿಲ್ಲದ್ದರ ಮುಂದೆ ಇವರಷ್ಟು ಎಚ್ಚರದವರು ಸಿಗುವುದಿಲ್ಲ. ಗೊತ್ತು ಅನ್ನಿಸಿದ್ದನ್ನು ಮಾತ್ರ ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳದೆ ಉಳಿದ ಒಂದು ಮಾತಿಗೆ ಮಕ್ಕಳನ್ನು ಕಳೆದುಕೊಳ್ಳುವವರು ಯಾವಾಗಲೂ ಬೇರೆ ಬೀದಿಯವರು.