ಆರ್ಲೊ ಡ್ರೈಲಿಂಗನ ಆಕಳಿಕೆ

ಆರ್ಲೊ ಡ್ರೈಲಿಂಗ್ ಆಕಳಿಸಿದಷ್ಟು ಸಾವಕಾಶವಾಗಿ, ಅಷ್ಟು ಸಾಂಗೋಪಾಂಗವಾಗಿ, ಅಷ್ಟು ನಿರ್ದಯವಾಗಿ ಆಕಳಿಸಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ದವಡೆ ಮೊದಲು ಎಡಕ್ಕೆ ಸರಿಯುತ್ತಿತ್ತು, ಕಣ್ಣು ಅರೆಮುಚ್ಚುತ್ತಿದ್ದವು, ಬಾಯಿ ತೆರೆಯುತ್ತ ತೆರೆಯುತ್ತ ಹೋಗಿ, ಇನ್ನೇನು ಮುಗಿಯಿತೆನ್ನುವಾಗ ಕೊನೆಯಲ್ಲೊಂದು ನಿಟ್ಟುಸಿರು ಹೊರಟು, ಎದುರಿನ ದಿಬ್ಬದ ಮೇಲೆ ನಿಂತು ಜೀವ ತೇಯ್ದು ಚೆಂಡೆಸೆಯುತ್ತಿದ್ದ ಪಿಚರನಿಗೆ ತನ್ನ ಜನ್ಮವೇ ದಂಡವೆನ್ನಿಸಬೇಕು, ಹಾಗೆ. ಅವನೇನೂ ನಿದ್ದೆಗೆಟ್ಟು ಆಕಳಿಸುತ್ತಿದ್ದವನಲ್ಲ. ರಾತ್ರಿ ಒಂಬತ್ತಕ್ಕೆಲ್ಲ ಗೊರಕೆ ಹೊಡೆಯುತ್ತಿದ್ದ. ಆ ಆಕಳಿಕೆ ಅವನ ವೃತ್ತಿವಿದ್ಯೆ.

ಆರ್ಲೊ ಒಂದು ವೃತ್ತಿಪರ ಬೇಸ್‌ಬಾಲ್ ತಂಡದ ಸ್ಕೌಟ್. ಕ್ಯಾನ್ಸಸ್‌ನ ಪಶ್ಚಿಮದ ಬಯಲಿನಲ್ಲಿರುವ ಸಣ್ಣ ಕಾಲೇಜುಗಳ ಮೈದಾನಗಳನ್ನು ಸುತ್ತಿ, ಯಾವ ಪಿಚರನ ಕೈಯಲ್ಲಿ ಏನಿದೆ, ಯಾವ ಯಾವ ಬಗೆಯ ಎಸೆತಗಳು ಅವನಿಗೆ ಒಲಿದಿವೆ, ನಾಳೆ ಯಾವುದು ಒಲಿದೀತು ಎಂದು ತಂಡಕ್ಕೆ ತಿಳಿಸುವುದು ಅವನ ಕೆಲಸ. ಬೇಸಿಗೆಯ ನಡುವೆ ಡ್ರಾಫ್ಟ್ ಎಂಬುದೊಂದು ನಡೆಯುತ್ತದೆ. ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ನೀನು ಮೆಚ್ಚಿದ್ದು ಪಕ್ಕದವನಿಗೆ ಗೊತ್ತಾದರೆ ಅವನು ನಿನಗಿಂತ ಮೊದಲೇ ಎತ್ತಿಕೊಂಡು ಹೋಗುತ್ತಾನೆ. ಗೊತ್ತಾಗದಿದ್ದರೆ ನಿನ್ನ ತಂಡ ಕೊನೆಯ ಸುತ್ತುಗಳವರೆಗೆ ಕಾದು, ಬಂಗಾರವನ್ನು ಗುಜರಿಯ ಬೆಲೆಗೆ ಹೊಡೆದುಕೊಳ್ಳಬಹುದು. ಆದ್ದರಿಂದ ಬ್ಯಾಟುಗಾರ ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ಬೆಂಚುಗಳಲ್ಲಿ ಸಾಲಾಗಿ ಕೂರುವ ಈ ಮಹನೀಯರು ಎಂದೂ ಚಪ್ಪಾಳೆ ತಟ್ಟುವುದಿಲ್ಲ, ತಲೆದೂಗುವುದಿಲ್ಲ. ತೀರಾ ಮನಸೋತರಂತೂ ಅರ್ಧದಲ್ಲೇ ಎದ್ದು ಹೋಗಿಬಿಡುತ್ತಾರೆ. ಊರಿನ ವಾರಪತ್ರಿಕೆಗೆ ಆಟದ ವರದಿ ಬರೆಯುವ ನಾನು ಅವರ ಪಕ್ಕದಲ್ಲೇ ಕೂತು ಈ ನಾಟಕವನ್ನು ವರ್ಷಗಟ್ಟಲೆ ನೋಡಿದ್ದೇನೆ, ಮೊದಮೊದಲು ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ. ಮೈ ಉರಿಯುತ್ತದೆ.

ಆರ್ಲೊನ ಕೋಟಿನ ವಿಷಯ ಹೇಳಲೇಬೇಕು. ಹೊಲದ ಕೆಲಸಕ್ಕೆ ಹಾಕುವ ಕಂದು ಬಣ್ಣದ ಒರಟು ಕ್ಯಾನ್ವಾಸು ಕೋಟು. ಮೊಣಕೈ ಸವೆದು ಬಿಳುಪಾದದ್ದು. ಎರಡು ಜೇಬಿನಲ್ಲೂ ಉಪ್ಪು ಹಾಕಿ ಹುರಿದ ಸೂರ್ಯಕಾಂತಿ ಬೀಜ. ದಕ್ಷಿಣದ ಬಿಸಿಗಾಳಿ ಮುಖವನ್ನು ಸುಡುವ ದಿನಗಳಲ್ಲೂ ಅದನ್ನು ತೆಗೆದವನಲ್ಲ. ಗೋಧಿ ಬೆಳೆಯುವ ಯಾರೋ ದಾರಿ ತಪ್ಪಿ ಆಟಕ್ಕೆ ಬಂದಿದ್ದಾನೆಂದು ಜನ ತಿಳಿಯಲಿ ಎಂಬುದು ಒಂದು ಕಾರಣ. ಇನ್ನೊಂದು, ಅದರೊಳಗೆ ಅವನ ಬಲಗೈ ಅಡಗುತ್ತಿತ್ತು. ಆ ಕೈ ಕಿವಿಗಿಂತ ಮೇಲೆ ಏಳುತ್ತಿರಲಿಲ್ಲ. ನಡೆಯುವಾಗ ಮೈಗೆ ಅಂಟಿಕೊಂಡೇ ಇದ್ದು, ಮನುಷ್ಯ ಸದಾ ಎಡಕ್ಕೆ ತುಸು ವಾಲಿ, ಗಾಳಿಗೆದುರು ಹೋಗುವವನಂತೆ ಹೆಜ್ಜೆ ಹಾಕುತ್ತಿದ್ದ. ಇಪ್ಪತ್ತರ ಹರೆಯದಲ್ಲಿ ಅವನೂ ಪಿಚರ್ ಆಗಿದ್ದವನೇ. ಸೊಂಟದ ಮಟ್ಟದಿಂದ ಎಸೆಯುತ್ತಿದ್ದನಂತೆ. ಒಮ್ಮೆ ಯಾರೋ ಸ್ಕೌಟ್ ಬಂದು, ನೋಡಿ, ಅರ್ಧದಲ್ಲೇ ಎದ್ದು ಹೋದನಂತೆ. ಮರುದಿನದಿಂದ ಕೋಚ್ ಇವನ ಕೈಯನ್ನು ತಲೆಯ ಮೇಲಿನಿಂದ ಎಸೆಯುವಂತೆ ತಿದ್ದತೊಡಗಿದನಂತೆ. ಒಂದು ವರ್ಷದೊಳಗೆ ಭುಜ ಹೋಯಿತು. ಅಂದಿನಿಂದ ಆ ಕೋಚನ್ನು ಶಪಿಸದೆ ಆರ್ಲೊ ಊಟಕ್ಕೆ ಕೂತದ್ದಿಲ್ಲ. ‘ತಿದ್ದುವುದು’ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅವನ ಕುತ್ತಿಗೆ ಕೆಂಪಾಗುತ್ತಿತ್ತು.

“ಕಾಲು ನೋಡಯ್ಯಾ, ಕೈ ಆಮೇಲೆ” ಎನ್ನುವುದು ಅವನ ಪಲ್ಲವಿ. ಚೆಂಡು ಎಷ್ಟು ಜೋರಾಗಿ ಬಂತೆಂದು ಉಳಿದವರು ಯಂತ್ರ ಹಿಡಿದು ಅಳೆಯುತ್ತಿದ್ದಾಗ ಇವನು ಪಿಚರನ ಮುಂಗಾಲು ಎಲ್ಲಿ ಊರಿತು, ಸೊಂಟ ಯಾವಾಗ ತಿರುಗಿತು, ವೇಗದ ಎಸೆತಕ್ಕೂ ನಿಧಾನದ ಎಸೆತಕ್ಕೂ ಕೈ ಒಂದೇ ಜಾಗದಿಂದ ಹೊರಟಿತೇ ಎಂದು ನೋಡುತ್ತಿದ್ದ. ಅವನಿಗೂ ನನಗೂ ಏಕವಚನದ ಸ್ನೇಹವಿದ್ದರೂ ಯಾವ ಪಿಚರನ ಬಗೆಗೂ ಅಭಿಪ್ರಾಯ ಬಿಟ್ಟುಕೊಟ್ಟವನಲ್ಲ. ಆದರೆ ಅವನ ಕಳ್ಳತನವನ್ನು ನಾನು ಹಿಡಿದಿದ್ದೆ. ನಿಜವಾಗಿ ಮೆಚ್ಚಿದಾಗ ಮುಖ ಆಕಳಿಸುತ್ತಿತ್ತು. ಬೆಂಚಿನ ಕೆಳಗೆ ಬಲಗಾಲಿನ ಹಿಮ್ಮಡಿ ಮಾತ್ರ, ದಿಬ್ಬದ ಮೇಲಿನವನು ಕಾಲೆತ್ತಿದಾಗಲೆಲ್ಲ ತಾನೂ ಏಳುತ್ತಿತ್ತು.

ಆ ಹಿಮ್ಮಡಿ ನಿಲ್ಲದೆ ಕುಣಿದದ್ದನ್ನು ನಾನು ನೋಡಿದ್ದು ಡೇಲನ್ ರೋರ್ ಎಸೆದ ದಿನ. ಮಾರ್ಚ್ ತಿಂಗಳು, ನಮ್ಮ ಊರಿನ ಕಾಲೇಜಿನ ಮೈದಾನ. ಡೇಲನ್ ನಮ್ಮ ಊರಿನವನೇ. ತಂದೆತಾಯಿ ಇಲ್ಲದ ಅವನನ್ನು ಸಾಕಿದವಳು ಅಜ್ಜಿ ಲಿಯೋನಾ. ಮೈದಾನದ ಗೂಡಂಗಡಿಯಲ್ಲಿ ಎಲೆಕೋಸು, ಮಾಂಸ ತುಂಬಿದ ಬೀರಾಕ್ ಎಂಬ ಬನ್ನು ಮಾರುವ ಮುದುಕಿ. ಆ ಹುಡುಗನ ಎಸೆತ ನೋಡಬೇಕಿತ್ತು! ಕೆರೆಯ ನೀರಿನ ಮೇಲೆ ಬಿಲ್ಲೆಗಲ್ಲು ಹಾರಿಸುವವರ ಹಾಗೆ ಮೈಬಗ್ಗಿಸಿ, ಸೊಂಟದ ಪಕ್ಕದಿಂದ ಕೈ ಬೀಸುತ್ತಿದ್ದ. ವೇಗದ ಚೆಂಡು ಬ್ಯಾಟಿನ ಹತ್ತಿರ ಬಂದು ಕಾಲುಜಾರಿದಂತೆ ಕೆಳಗಿಳಿಯುತ್ತಿತ್ತು. ಅದೇ ಕೈ, ಅದೇ ಮಟ್ಟ, ಅದೇ ಗಂಭೀರ ಮುಖದಿಂದ ಹೊರಟ ಮುಂದಿನ ಚೆಂಡು ಅಡ್ಡಕ್ಕೆ ಸರಿದುಹೋಗುತ್ತಿತ್ತು. ಬ್ಯಾಟುಗಾರರು ಗಾಳಿಗೆ ಗುದ್ದುತ್ತಿದ್ದರು. ಆರ್ಲೊ ಮೂರು ಬಾರಿ ಆಕಳಿಸಿದ. ಒಂಬತ್ತು ಇನ್ನಿಂಗ್ಸ್‌ಗಳ ಆಟದಲ್ಲಿ ಮೂರನೆಯದು ಮುಗಿಯುವ ಮೊದಲೇ ಎದ್ದು, ಲಿಯೋನಾಳ ಅಂಗಡಿಯಲ್ಲಿ ಒಂದು ಬೀರಾಕ್ ಕೊಂಡು, ಎಲ್ಲರೂ ನೋಡುವಂತೆ ಅದನ್ನು ಮೆಲ್ಲುತ್ತ ಕಾರಿನತ್ತ ನಡೆದ. ಮಿಕ್ಕ ಸ್ಕೌಟುಗಳೂ ಒಬ್ಬೊಬ್ಬರಾಗಿ ಎದ್ದರು. ಮಹಾ ಚಾಣಾಕ್ಷತನ! ದಿಬ್ಬದ ಮೇಲಿದ್ದವನು ಖಾಲಿಯಾಗುತ್ತಿದ್ದ ಆ ಬೆಂಚುಗಳನ್ನೇ ನೋಡುತ್ತಿದ್ದ ಎಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಮೇ ತಿಂಗಳಲ್ಲಿ ಆರ್ಲೊ ಮತ್ತೆ ಬಂದ. ಡೇಲನ್ ಮೊದಲ ಚೆಂಡು ಎಸೆದ ಕೂಡಲೆ ಅವನ ಬಾಯಲ್ಲಿದ್ದ ಬೀಜ ಹಾಗೇ ಉಳಿಯಿತು. ಕೈ ತಲೆಯ ಮೇಲಿನಿಂದ ಬರುತ್ತಿತ್ತು! ಚೆಂಡು ಸ್ವಲ್ಪ ಜೋರಾಗಿತ್ತು, ನಿಜ. ಆದರೆ ದಾರ ಹಿಡಿದಷ್ಟು ನೆಟ್ಟಗೆ ಬಂದು, ಬ್ಯಾಟಿಗೆ ಸಿಕ್ಕಿ ಅಷ್ಟೇ ನೆಟ್ಟಗೆ ಬೇಲಿಯಾಚೆ ಹೋಗುತ್ತಿತ್ತು. ಪ್ರತಿ ಎಸೆತದ ಬಳಿಕ ಡೇಲನ್ ಮೊಣಕೈಯನ್ನು ಯಾರಿಗೂ ಕಾಣದಂತೆ ಪಕ್ಕೆಗೆ ಒತ್ತಿಕೊಳ್ಳುತ್ತಿದ್ದ. ಆರ್ಲೊ ಕಂಡುಬಿಟ್ಟ. ಆಟ ಮುಗಿದದ್ದೇ ತಡ, ಕಾಲೇಜಿನ ಕೋಚ್ ಹಬಿಗರನ ಮೇಲೆ ಏರಿಹೋದ.

“ಯಾವ ದರಿದ್ರ ಮುಟ್ಟಿದ್ದು ಆ ಕೈನ?”

“ನಾನೇ” ಎಂದ ಹಬಿಗರ್, ಒಂದಿಷ್ಟೂ ಅಂಜದೆ. “ಮತ್ತೇನ್ ಮಾಡ್ಬೇಕಿತ್ತು? ನೀನು ಬಾಯಿ ಅಷ್ಟಗಲ ಮಾಡಿ ಆಕಳಿಸಿದ್ದನ್ನ ಇಡೀ ಊರೇ ನೋಡ್ತು. ನೀನೆದ್ದೆ, ನಿನ್ ಹಿಂದೆ ಎಲ್ಲಾರೂ ಎದ್ರು. ಯಾರಿಗೂ ಬೇಡವಾದ ಕೈ ಇಟ್ಕೊಂಡು ಏನ್ ಪೂಜೆ ಮಾಡ್ಬೇಕಿತ್ತಾ? ಅವನೇ ಬಂದು ಕೇಳ್ದ, ತಿದ್ದಿ ಅಂತ.”

ಗೂಡಂಗಡಿಯಿಂದ ಲಿಯೋನಾ ಒಂದೇ ಮಾತು ಸೇರಿಸಿದಳು. “ಬೀರಾಕ್ ಬೇರೆ ತಿನ್ಕೊಂಡ್ ಹೋದ್ಯಲ್ಲಪ್ಪಾ, ನನ್ ಕೈಯಿಂದಾನೇ. ನನ್ ಮೊಮ್ಮಗ ಅವತ್ತು ಏನೂ ತಿನ್ಲಿಲ್ಲ.”

ಆರ್ಲೊ ನನ್ನನ್ನೂ ಎಳೆದುಕೊಂಡು ಕಾರಿನತ್ತ ನಡೆದ. ಕಾರಿನಲ್ಲಿ ಕೂತು ತನ್ನ ಮೇಲಧಿಕಾರಿ ಪ್ರೆಸ್ಕಾಟನಿಗೆ ಫೋನು ಹಚ್ಚಿದ. ಹುಡುಗನಿಗೆ ನಿಜ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಋತು ಮುಗಿಯುವುದರೊಳಗೆ ಮೊಣಕೈ ಹೋಗುತ್ತದೆ ಎಂದ. ಪಕ್ಕದಲ್ಲಿದ್ದ ನನಗೆ ಪ್ರೆಸ್ಕಾಟನ ನಗು ಸ್ಪಷ್ಟವಾಗಿ ಕೇಳಿಸಿತು.

“ಇನ್ನೂ ಒಳ್ಳೇದಾಯ್ತಲ್ಲೋ ಆರ್ಲೊ! ಈಗಂತೂ ಅವನ ಕಡೆ ಯಾರೂ ತಿರುಗಿ ಸಹ ನೋಡಲ್ಲ. ಬಾಯಿ ಮುಚ್ಕೊಂಡಿರು. ನಮ್ ಕೈಗೆ ಬಂದ್ಮೇಲೆ ಹಳೇ ಥರಾನೇ ಎಸೆಸೋಣ.”

“ಅಷ್ಟೊತ್ತಿಗೆ ಕೈ ಇರಬೇಕಲ್ಲ?”

“ಕೈ ಹೋದ್ರೆ ಬೇಡ ಅಂತ ಬಿಟ್ರಾಯ್ತು. ನಮ್ಗೇನ್ ನಷ್ಟ?”

ಎಂಥ ಮಾತು! ಒಬ್ಬ ಮನುಷ್ಯನ ಮೊಣಕೈ ಮುರಿಯುವುದನ್ನು ಬಲ್ಲೆವು, ತಡೆಯಬಲ್ಲೆವು, ಆದರೆ ತಡೆದರೆ ನಮ್ಮ ಗುಟ್ಟು ಹೊರಬೀಳುತ್ತದೆ, ಆದ್ದರಿಂದ ಮುರಿಯಲಿ. ಇಂಥದ್ದನ್ನು ನಗುನಗುತ್ತ ಹೇಳುವವನಿಗೆ ಒಂದು ಕಚೇರಿ, ಒಂದು ಹುದ್ದೆ, ಅವನ ಮಾತಿಗೆ ತಲೆಯಾಡಿಸಲು ನಾಲ್ಕು ಜನ. ನಾನು ಫೋನು ಕಸಿದುಕೊಂಡು ಅವನ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದೆ. ಆರ್ಲೊ ಕೈ ಅಡ್ಡ ಹಿಡಿದ.

ಮರುವಾರ ಋತುವಿನ ದೊಡ್ಡ ಪಂದ್ಯ. ಹೋಮ್ ಪ್ಲೇಟಿನ ಹಿಂದೆ ಸ್ಕೌಟುಗಳು ಕಿಕ್ಕಿರಿದಿದ್ದರು, ಎದುರು ತಂಡದ ಪಿಚರನನ್ನು ನೋಡಲೆಂದು. ಆಟಕ್ಕೆ ಮುನ್ನ ಡೇಲನ್ ಮೈ ಬಿಸಿಮಾಡಿಕೊಳ್ಳುತ್ತಿದ್ದ ಜಾಗಕ್ಕೆ ಆರ್ಲೊ ಎಡಕ್ಕೆ ವಾಲುತ್ತ ಹೋಗಿ ತಂತಿಬೇಲಿ ಹಿಡಿದು ನಿಂತ.

“ನಿನ್ ಕೈಯಲ್ಲೇ ಎಸಿಯೋ. ಅವತ್ತು ನಾನು ಎದ್ದು ಹೋಗಿದ್ದು ನಾಟಕ. ಅಂಥಾ ಎಸೆತ ನಾನು ನೋಡೇ ಇಲ್ಲ.”

ಡೇಲನ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಹುಡುಗನ ಕಣ್ಣಲ್ಲಿದ್ದ ಸಿಟ್ಟನ್ನು ಕಂಡು, ಆರ್ಲೊನ ಹಿಂದೆಯೇ ನಿಂತಿದ್ದ ನನಗೆ ಒಳಗೊಳಗೇ ಭೇಷ್ ಎನ್ನಿಸಿತು.

“ಅವತ್ತಿಂದು ನಾಟಕ ಆದ್ರೆ ಇವತ್ತಿಂದು ಏನು, ಸಾರ್? ನಿಮ್ ಮುಖ ಒಂದ್ ಹೇಳತ್ತೆ, ಬಾಯಿ ಒಂದ್ ಹೇಳತ್ತೆ. ಯಾವ್ದನ್ನ ನಂಬ್ಲಿ ನಾನು?”

ಆರ್ಲೊ ಬೇಲಿ ಬಿಟ್ಟು ಬೆಂಚಿನತ್ತ ಮರಳಿದ. ಮುಖವನ್ನು ಸುಳ್ಳು ಹೇಳಲು ಪಳಗಿಸಿದವನ ನಿಜವನ್ನು ಯಾರೂ ಪುಕ್ಕಟೆ ನಂಬುವುದಿಲ್ಲ.

ಮೊದಲ ಇನ್ನಿಂಗ್ಸ್‌ನಲ್ಲಿ ಡೇಲನ್ ತಲೆಯ ಮೇಲಿನಿಂದಲೇ ಎಸೆದ, ಚೆನ್ನಾಗಿ ಹೊಡೆಸಿಕೊಂಡ. ಎರಡನೆಯದರಲ್ಲೂ ಹೊಡೆತ ಬಿತ್ತು. ಆಮೇಲೆ, ಹತಾಶೆಯೋ, ರೊಚ್ಚೋ, ಅಥವಾ ಬೇಲಿಯ ಬಳಿಯ ಆ ಮಾತು ಒಳಗೆಲ್ಲೋ ಕೊರೆಯುತ್ತಿತ್ತೋ, ಒಂದೇ ಒಂದು ಚೆಂಡನ್ನು ಮೈಬಗ್ಗಿಸಿ ಸೊಂಟದ ಪಕ್ಕದಿಂದ ಬಿಟ್ಟ. ಚೆಂಡು ಜಾರಿ ಇಳಿಯಿತು. ಬ್ಯಾಟುಗಾರ ಗಾಳಿಗೆ ಬೀಸಿ ಮುಗ್ಗರಿಸಿದ. ಹಬಿಗರ್ ಮೈದಾನದ ಅಂಚಿನಿಂದ “ಮೇಲಿಂದ ಎಸಿಯೋ! ಮೇಲಿಂದ!” ಎಂದು ಕೂಗಿದ. ಡೇಲನ್ ತಲೆತಗ್ಗಿಸಿದ.

ಆಗ ನನ್ನ ಪಕ್ಕದಲ್ಲಿ ಆರ್ಲೊ ಎದ್ದು ನಿಂತ. ಕೋಟು ಕಳಚಿ ಬೆಂಚಿನ ಮೇಲೆ ಎಸೆದ, ಬೀಜಗಳೆಲ್ಲ ಚೆಲ್ಲಿಹೋದವು. ಬಲಗೈ ಮೇಲೆ ಏಳದ್ದರಿಂದ ಹೊಟ್ಟೆಯ ಮಟ್ಟದಲ್ಲೇ, ಆದರೆ ಇಡೀ ಮೈದಾನಕ್ಕೆ ಕೇಳುವಂತೆ, ಪಟಪಟನೆ ಚಪ್ಪಾಳೆ ತಟ್ಟತೊಡಗಿದ.

“ಅದೇ! ಅದೇ ಕಣೋ ಕೈ! ಇನ್ನೊಂದ್ ಹಾಕು! ಯಾವನ್ ಏನಂದ್ರೂ ಬಿಡಬೇಡ ಅದನ್ನ!”

ಸ್ಕೌಟುಗಳ ಸಾಲು ಬೆಚ್ಚಿಬಿತ್ತು. ಹೋಮ್ ಪ್ಲೇಟಿನ ಹಿಂದೆ ಚಪ್ಪಾಳೆ! ಒಬ್ಬ ಅವನ ತೋಳು ಜಗ್ಗಿ “ತಲೆ ಕೆಟ್ಟಿದ್ಯೇನೋ, ಎಲ್ರೂ ನೋಡ್ತಿದಾರೆ” ಎಂದ. “ನೋಡ್ಲಿ ಅಂತಾನೇ ತಟ್ತಿರೋದು” ಎಂದ ಆರ್ಲೊ. ದಿಬ್ಬದ ಮೇಲೆ ಡೇಲನ್ ಸ್ವಲ್ಪ ಹೊತ್ತು ನಮ್ಮತ್ತ ನೋಡುತ್ತ ನಿಂತ, ಬಳಿಕ ಬಗ್ಗಿದ. ಆ ದಿನ ಅವನ ಕೈ ಮತ್ತೆ ತಲೆಯ ಮೇಲೆ ಹೋಗಲಿಲ್ಲ. ಬೆಂಚುಗಳಲ್ಲಿ ಫೋನುಗಳು ಒಂದೊಂದಾಗಿ ಹೊರಬಂದವು. ಗೂಡಂಗಡಿಯಲ್ಲಿ ಲಿಯೋನಾ ವ್ಯಾಪಾರ ಬಿಟ್ಟು ಬೇಲಿಗೆ ಬಂದು ನಿಂತಿದ್ದಳು.

ಡ್ರಾಫ್ಟ್‌ನಲ್ಲಿ ಬೇರೊಂದು ತಂಡ ಡೇಲನ್‌ನನ್ನು ಮೊದಲ ಸುತ್ತುಗಳಲ್ಲೇ ಎತ್ತಿಕೊಂಡಿತು. ಅದೇ ವಾರ ಪ್ರೆಸ್ಕಾಟ್ ಆರ್ಲೊನನ್ನು ಕೆಲಸದಿಂದ ತೆಗೆದ. ಒಂದು ಆಯುಷ್ಯವಿಡೀ ಆಕಳಿಸಿದ್ದಕ್ಕೆ ಸಂಬಳ ಕೊಟ್ಟವರು ಒಮ್ಮೆ ಚಪ್ಪಾಳೆ ತಟ್ಟಿದ್ದಕ್ಕೆ ಮನೆಗೆ ಕಳಿಸಿದರು. ಇದನ್ನು ಅನ್ಯಾಯವೆಂದು ನಾನು ಪತ್ರಿಕೆಯಲ್ಲಿ ಬರೆದಾಗ, ಇದೇನು ಅನ್ಯಾಯ, ವ್ಯಾಪಾರವಲ್ಲವೇ ಎಂದು ಬುದ್ಧಿವಂತರು ನನಗೇ ತಿಳಿಹೇಳಿದರು. ತಿಳಿಹೇಳಿದವರ ಬಾಯಿಗೆ ಮಣ್ಣು ಬೀಳಲಿ.

ಆರ್ಲೊನಿಗೆ ಕೆಲಸ ಹೋದದ್ದರ ಚಿಂತೆ ಅಷ್ಟಾಗಿ ಇರಲಿಲ್ಲ. ಅವನನ್ನು ಕೊರೆದದ್ದು ಬೇರೆ. ಒಂದು ಸಂಜೆ ಖಾಲಿ ಮೈದಾನದ ಬೆಂಚಿನ ಮೇಲೆ, ಕೋಟಿಲ್ಲದೆ, ಆ ಬಲಗೈಯನ್ನು ಎಡಗೈಯಿಂದ ನೀವಿಕೊಳ್ಳುತ್ತ ಕೂತಿದ್ದವನು ಇದ್ದಕ್ಕಿದ್ದಂತೆ ಕೇಳಿದ:

“ಅವತ್ತು ನನ್ ಆಟದ ಮಧ್ಯ ಎದ್ಹೋದ್ನಲ್ಲ ಒಬ್ಬ, ಅವನೂ ಮೆಚ್ಕೊಂಡೇ ಎದ್ಹೋಗಿದ್ದಿರಬಹುದಾ?”

ಅವನೇ ಮುಂದುವರಿಸಿದ: “ಇಷ್ಟು ವರ್ಷ ಪಾಪ, ಆ ಕೋಚನ್ನ ಬೈದ್ನಲ್ಲಯ್ಯಾ.”

ಗುಣವನ್ನು ಕಾಣುವ ಕಣ್ಣು ಅಪರೂಪವೆಂದು ಹೇಳುವುದುಂಟು, ನನಗೆ ಹಾಗನ್ನಿಸುವುದಿಲ್ಲ. ಪ್ರತಿ ಮೈದಾನದ ಹಿಂದೆ, ಪ್ರತಿ ಕಚೇರಿಯಲ್ಲಿ, ಪ್ರತಿ ಪಾಠಶಾಲೆಯಲ್ಲಿ ಅಂಥ ಕಣ್ಣಿನವರು ಸಾಲಾಗಿ ಕೂತಿದ್ದಾರೆ. ಕಂಡದ್ದನ್ನು, ಯಾರಲ್ಲಿ ಕಂಡರೋ ಅವನೊಬ್ಬನನ್ನು ಬಿಟ್ಟು ಮಿಕ್ಕೆಲ್ಲರಿಗೂ ಗುಟ್ಟಾಗಿ ವರದಿ ಮಾಡಿ, ಎದುರಿಗಿರುವವನ ಮುಂದೆ ಬಾಯಿ ತೆರೆದು ಆಕಳಿಸುವುದನ್ನೇ ವಿವೇಕವೆಂದು ತಿಳಿದಿದ್ದಾರೆ. ಅವರು ದುಷ್ಟರಲ್ಲ, ಆರ್ಲೊನೂ ದುಷ್ಟನಾಗಿರಲಿಲ್ಲ. ಆದರೆ ಅವರು ಎದ್ದು ಹೋದ ಬೆಂಚನ್ನು ನೋಡುತ್ತ ನಿಂತವನು, ತನ್ನಲ್ಲಿದ್ದ ಒಳ್ಳೆಯದನ್ನೇ ತಪ್ಪೆಂದು ತಿಳಿದು, ಮರುದಿನ ಬೆಳಿಗ್ಗೆ ಅದನ್ನು ತಾನೇ ಹೋಗಿ ತಿದ್ದಿಸಿಕೊಳ್ಳುತ್ತಾನೆ.