ಎಂಟು ಸೆಕೆಂಡಿನ ಶಕಾರ

ಮುದ್ರಣಾಲಯದ ಮೊದಲ ಮಹಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಮೂವತ್ತೊಂದು ವರ್ಷದಿಂದ ಎಕ್ಸ್‌ಪ್ರೆಸ್ಸಕ್ಕನದು. ಟೈಪ್‌ರೈಟರ್ ಇದ್ದಾಗಲೂ ಅಲ್ಲಿ ಕೂತವಳು ಆಕೆಯೇ, ಕಂಪ್ಯೂಟರ್ ಬಂದ ಮೇಲೂ ಆಕೆಯೇ. ಟೈಪು ಮಾಡುವಾಗ ಆಕೆಯ ಬೆರಳು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಆ ಅಡ್ಡಹೆಸರು ಇಟ್ಟವರು ಕೆಳಗಿನ ಬೈಂಡಿಂಗಿನವರು. ಹೊರಗೆ ಸಿಡುಕಿದರೂ ಒಳಗೊಳಗೆ ಅಕ್ಕನಿಗೆ ಅದರ ಬಗ್ಗೆ ಹೆಮ್ಮೆ.

ಇಂಥ ಅಕ್ಕನಿಗೆ ಮಂಗಳವಾರ ಕೀಬೋರ್ಡು ಕೈಕೊಟ್ಟಿತು. ಕೊಡುವುದಿದ್ದರೆ ಎಲ್ಲರಿಗೂ ಕೊಡಬೇಕು ತಾನೇ? ಹಾಗೇನಿಲ್ಲ. ಅದೇ ಕಂಪ್ಯೂಟರಿನಲ್ಲಿ ಸಂಜೆ ಪ್ರೂಫ್ ನೋಡುವ ಹಿರಿಯರು, ಅಂದರೆ ಆಫೀಸಿಗೆಲ್ಲ ಪ್ರೂಫ್ ತಾತ, ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಕೂತರೆ ಅಕ್ಷರಗಳು ಸಾಲಾಗಿ ಬರುತ್ತಿದ್ದವು. ಅಕ್ಕ ತನ್ನ ಹೆಸರಿನಲ್ಲಿ ಒಳಗೆ ಹೋದರೆ ಜಪ್ಪಯ್ಯ ಅಂದರೂ ಒಂದಕ್ಷರ ಮೂಡದು. ಪಾಸ್‌ವರ್ಡ್ ಮಾತ್ರ ಸರಾಗವಾಗಿ ಹೋಗುತ್ತಿತ್ತು. ಬಾಗಿಲಲ್ಲಿ ಬನ್ನಿ ಬನ್ನಿ ಎಂದು ಕರೆದು, ಒಳಗೆ ಕೂರಿಸಿದ ಮೇಲೆ ಮಾತೇ ಆಡದ ನೆಂಟರ ಹಾಗೆ.

ಮಾಲೀಕರು ಹೊಸ ಕೀಬೋರ್ಡು ತರಿಸಿದರು. ಅದೂ ಅಕ್ಕನ ಜೊತೆ ಮುನಿಸಿಕೊಂಡಿತು. ಪ್ರೂಫ್ ತಾತನ ಲಾಗಿನ್ನಿನಲ್ಲೇ ಕೆಲಸ ಮಾಡಬಾರದೇ ಎಂದು ಯಾರೋ ಕೇಳಿದ್ದಕ್ಕೆ, ಇನ್ನೊಬ್ಬರ ಹೆಸರಿನಲ್ಲಿ ಕೂರುವುದಕ್ಕಿಂತ ಮನೆಯಲ್ಲಿ ಕೂರುವುದು ವಾಸಿ ಎಂದು ಆಕೆ ಉರಿದುಬಿದ್ದಳು. ಅಲ್ಲಿಗೆ ಎಲ್ಲರೂ ಒಂದು ತೀರ್ಮಾನಕ್ಕೆ ಬಂದರು: ಕೀಬೋರ್ಡು ಸರಿಯಿದೆ, ಅಕ್ಕನ ಬೆರಳುಗಳಲ್ಲೇ ಕಸುವು ಹೋಗಿದೆ. ಗುರುವಾರ ಮಾಲೀಕರು ಬಂದು, ಸೋಮವಾರದಿಂದ ಕೆಳಗೆ ಪ್ಯಾಕಿಂಗ್ ನೋಡಿಕೊಳ್ಳಿ, ಮೆಟ್ಟಿಲು ಹತ್ತುವ ಕಷ್ಟವೂ ತಪ್ಪುತ್ತದೆ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದರು. ಎತ್ತಂಗಡಿಗೆ ಎಷ್ಟು ಮರ್ಯಾದೆ ಬಳಿದರೂ ಅದು ಎತ್ತಂಗಡಿಯೇ. ಆ ರಾತ್ರಿ ಅಕ್ಕ ಊಟಕ್ಕೆ ಕೂತವಳು ತನ್ನ ಹತ್ತು ಬೆರಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಇಷ್ಟು ವರ್ಷದಲ್ಲಿ ಅವು ಆಕೆಗೆ ಮೋಸ ಮಾಡಿರಲಿಲ್ಲ.

ಮಗಳಿಗೆ ವಿಷಯ ಗೊತ್ತಾಗಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ತನ್ನ ಗಂಡನನ್ನು ಕಳಿಸುತ್ತೇನೆ ಎಂದಳು. ಅಕ್ಕ ಮೂಗು ಮುರಿದಳು. ಅಳಿಯ ಒಳ್ಳೆಯವನೇ, ಆದರೆ ಒಂದು ಲೋಟ ಟೀ ಕುಡಿಯಲು ಮುಕ್ಕಾಲು ಗಂಟೆ ಬೇಕು. ಚಪ್ಪಲಿ ಹಾಕಿಕೊಳ್ಳುವಾಗಲೂ ಯಾವ ಕಾಲು ಮೊದಲು ಎಂದು ಯೋಚಿಸುವ ಆಸಾಮಿ. ಮಗಳ ಹತ್ತಿರ ಮಾತಾಡುವಾಗ ಆಕೆ ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದಳು. ಎದುರಿಗೆ ಬಂದರೆ ಮಾತ್ರ ಬನ್ನಿ, ಕೂತ್ಕೊಳ್ಳಿ.

ಶನಿವಾರ ಹನ್ನೊಂದಕ್ಕೆ ಬರುತ್ತೇನೆ ಎಂದವನು ಹನ್ನೆರಡೂವರೆಗೆ ಬಂದ. ಅಕ್ಕ ಲಾಗಿನ್ ಆಗಿ ಟಕಟಕನೆ ಒಂದು ಇಡೀ ಸಾಲು ಹೊಡೆದು ತೋರಿಸಿದಳು. ಪರದೆ ಬೆಳ್ಳಗೇ ಇತ್ತು. ಅಳಿಯ ಕೀಬೋರ್ಡಿನ ವೈರು ಎಳೆದು ನೋಡಿದ, ತಲೆಕೆಳಗು ಮಾಡಿ ಕೊಡವಿದ, ಕನ್ನಡಕ ಒರೆಸಿಕೊಂಡ. ಆಮೇಲೆ ಆಕೆಯ ಕುರ್ಚಿಯಲ್ಲಿ ಕೂತು, ಯಾರದೋ ಮನೆಯ ಕರೆಗಂಟೆ ಒತ್ತುವವನಂತೆ ಒಂದು ಬೆರಳಿಟ್ಟು ಒಂದು ಕೀ ಒತ್ತಿ ಹಿಡಿದ.

ಪರದೆಯ ಮೇಲೆ ‘ಕ’ ಮೂಡಿತು.

ಅಕ್ಕ ಬಗ್ಗಿ ನೋಡಿದಳು. ತನ್ನದೇ ಲಾಗಿನ್ನು, ತನ್ನದೇ ಕುರ್ಚಿ, ಅಳಿಯನಿಗೆ ಬರುವ ಅಕ್ಷರ ತನಗೆ ಬರುತ್ತಿಲ್ಲ. ಇನ್ನು ಸಂಶಯವೇ ಬೇಡ, ಪ್ಯಾಕಿಂಗಿಗೆ ಹೋಗಿ ದಾರ ಕಟ್ಟುವುದೇ ಸರಿ. ಸಾಕು ಬಿಡಿ, ಟೀ ಕುಡಿದು ಹೊರಡಿ ಎಂದು ಮೆಲ್ಲಗೆ ಹೇಳಿದಳು. ಕಣ್ಣಲ್ಲಿ ನೀರು ಬಂದಿದ್ದು ಕಾಣದಿರಲಿ ಎಂದು ಕಿಟಕಿಯ ಕಡೆ ತಿರುಗಿದಳು.

ಅಳಿಯ ಏಳಲಿಲ್ಲ. ಟೀ ಬಂತು, ಅದನ್ನೂ ಮುಟ್ಟಲಿಲ್ಲ. ತುಂಬ ಹೊತ್ತು ಆ ‘ಕ’ವನ್ನೇ ದಿಟ್ಟಿಸಿ, ಕೊನೆಗೆ ಅತ್ತೆಯನ್ನು ಕರೆದು, ಒಂದು ಕೀ ಒತ್ತಿ, ತಾನು ಸಾಕು ಅನ್ನುವವರೆಗೆ ಬೆರಳು ತೆಗೆಯಬೇಡಿ ಎಂದ. ಅಕ್ಕ ಒತ್ತಿ ಹಿಡಿದಳು. ಬೆರಳಿಗೆ ಅಂಥ ಅಭ್ಯಾಸವೇ ಇರಲಿಲ್ಲ, ಕೆಂಡದ ಮೇಲೆ ಇಟ್ಟಂತಾಯಿತು. ಒಂದು ಕ್ಷಣ ಕಳೆದ ಮೇಲೆ ‘ಮ’ ಬಂತು.

"ನಿಮ್ಮ ಬೆರಳಿಗೆ ಏನೂ ಆಗಿಲ್ಲ ಅತ್ತೆ," ಎಂದ ಅಳಿಯ. "ನಿಮ್ಮದು ಸ್ಪೀಡು ಜಾಸ್ತಿ. ನೀವು ಮುಟ್ಟಿ ಬಿಡೋದನ್ನ ಇದು ಕೈ ತಪ್ಪಿ ತಗಲಿದ್ದು ಅಂದ್ಕೊಂಡು ಲೆಕ್ಕಕ್ಕೇ ತಗೊಳ್ತಿಲ್ಲ. ನನ್ನಂಥೋರು ಒತ್ತಿದ್ರೆ ಮಾತ್ರ ಕೇಳುತ್ತೆ."

ಅಕ್ಕ ಆ ಮಾತನ್ನು ಇನ್ನೊಮ್ಮೆ ಹೇಳಿಸಿದಳು. ಹೊಟ್ಟೆಗೆ ಹಾಲು ಸುರಿದಂತಾಯಿತು. ಅಳಿಯ ಇನ್ನಷ್ಟು ಬಿಡಿಸಿ ಹೇಳಿದ: ಕೈ ನಡುಗುವವರಿಗೆ ಅನುಕೂಲವಾಗಲೆಂದು ಕಂಪ್ಯೂಟರಿನಲ್ಲಿ ಒಂದು ಏರ್ಪಾಡು ಇರುತ್ತದೆ. ಅದು ಕ್ಷಣಮಾತ್ರ ತಗಲಿದ ಕೀಗಳನ್ನು ಬಿಟ್ಟುಬಿಡುತ್ತದೆ. ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ, ಇದು ಬೇಕೇ ಎಂದು ಪರದೆಯ ಮೇಲೆ ಒಂದು ಚೀಟಿ ತೋರಿಸಿ ಕೇಳುತ್ತದೆ. ಹೌದು ಎಂದರೆ, ಹೌದು ಎಂದವರ ಲಾಗಿನ್ನಿಗೆ ಮಾತ್ರ ಅಂಟಿಕೊಳ್ಳುತ್ತದೆ.

"ಎಂಟು ಸೆಕೆಂಡಲ್ಲಿ ನೀವು ಒಂದು ಪುಟ ಮುಗಿಸ್ತೀರಿ. ಅಷ್ಟು ಹೊತ್ತು ಶಿಫ್ಟ್ ಯಾಕೆ ಹಿಡ್ಕೊಂಡಿದ್ರಿ?"

ಅಕ್ಕ ನೆನಪಿಸಿಕೊಂಡಳು. ನೆನಪಾಗಿದ್ದೇ ತಡ, ಮುಖ ಕೆಂಪಾಯಿತು. ಮಂಗಳವಾರ ಕೈಯಲ್ಲಿದ್ದದ್ದು ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುವ ಬಗ್ಗೆ ಯಾರೋ ಡಾಕ್ಟರು ಬರೆದ ಪುಸ್ತಕ. ಡಾಕ್ಟರು ‘ಸುಶ್ರೂಷೆ’ ಎಂದು ಬರೆದಿದ್ದರು. ಕೀ ಒತ್ತಿದರೆ ಸ, ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ಶ. ಅಕ್ಕನ ಬೆರಳು ತಾನಾಗಿಯೇ ಶಿಫ್ಟಿಗೆ ಹೋಗಿತ್ತು, ಯಾಕೆಂದರೆ ಸರಿಯಾದದ್ದು ‘ಶುಶ್ರೂಷೆ’. ಅಷ್ಟರಲ್ಲಿ ಸಣ್ಣ ಅನುಮಾನ ಬಂತು, ಅಷ್ಟು ಓದಿದ ಡಾಕ್ಟರು ತಪ್ಪು ಬರೆದಾರೆಯೇ? ಪ್ರೂಫ್ ತಾತನನ್ನು ಕೂಗಿದಳು. ತಾತನಿಗೆ ಕಿವಿ ಮಂದ. ಅವರು ಏನಂದಿರಿ ಎನ್ನುವುದು, ಈಕೆ ಸನೋ ಶನೋ ಎನ್ನುವುದು, ಅವರು ಸೋಮವಾರವೋ ಶನಿವಾರವೋ ಎನ್ನುವುದು. ಬೆರಳು ಮಾತ್ರ ಶಿಫ್ಟ್ ಬಿಡಲಿಲ್ಲ. ಬಿಟ್ಟರೆ ಸೋಲೊಪ್ಪಿಕೊಂಡಂತೆ.

"ಆಗ ಕೀಂಯ್ ಅಂತು, ಇಂಗ್ಲಿಷಲ್ಲಿ ಏನೋ ಕೇಳ್ತು," ಎಂದಳು ಅಕ್ಕ, ನೆಲ ನೋಡುತ್ತ. "ಶ ಅಂತಾನೇ ಹಾಕ್ಲಾ ಅಂತ ಕೇಳ್ತಿದೆ ಅಂದ್ಕೊಂಡೆ. ಹೂಂ ಅಂದೆ."

ಅಳಿಯ ನಕ್ಕುಬಿಟ್ಟ. ಅವನು ನಗುವುದರಲ್ಲೂ ನಿಧಾನ, ಭುಜದಿಂದ ಶುರುವಾಗಿ ಹೊಟ್ಟೆಗೆ ಬರಲು ಹೊತ್ತು ಹಿಡಿಯಿತು. ಆಮೇಲೆ ಆ ಏರ್ಪಾಡನ್ನು ತೆಗೆದುಹಾಕಿ, ಶಿಫ್ಟ್ ಹಿಡಿದರೆ ಚೀಟಿ ತೋರಿಸುವುದನ್ನೂ ನಿಲ್ಲಿಸಿದ. ಇನ್ನು ಮುಂದೆ ಸನೋ ಶನೋ ಎಂದು ದಿನವಿಡೀ ಯೋಚಿಸಿದರೂ ಅದು ನಡುವೆ ಬಾಯಿ ಹಾಕುವುದಿಲ್ಲವಂತೆ.

ಅಕ್ಕ ಕುರ್ಚಿಗೆ ಬಂದಳು. ಕೀಗಳ ಸದ್ದು ಶುರುವಾಯಿತು. ಕೆಳಗೆ ಬೈಂಡಿಂಗಿನವರು ಕೆಲಸ ನಿಲ್ಲಿಸಿ ಮೇಲೆ ನೋಡಿದರು. ಮಾಲೀಕರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು, ಒಂದು ಪುಟ ತುಂಬುವವರೆಗೆ ನೋಡಿದರು. ಪ್ಯಾಕಿಂಗಿಗೆ ಬೇರೆ ಯಾರನ್ನಾದರೂ ಹುಡುಕಬೇಕಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಇಳಿದುಹೋದರು. ಡಾಕ್ಟರ ಪುಸ್ತಕದಲ್ಲಿ ಆ ಪದ ನಲವತ್ತು ಕಡೆ ಇತ್ತು. ನಲವತ್ತು ಕಡೆಯೂ ಶುಶ್ರೂಷೆಯಾಯಿತು.

ಅಳಿಯನಿಗೆ ಏನಾದರೂ ಹೇಳಬೇಕು. ಎದುರಿಗೆ ಹೇಳಲು ಆಕೆಗೆ ನಾಲಿಗೆ ಏಳಲಿಲ್ಲ. ಹೊಸ ಪುಟ ತೆರೆದು ಕಣ್ಣು ಮಿಟುಕಿಸುವುದರಲ್ಲಿ ಹೊಡೆದಳು: ‘ನಿಮ್ಮ ಟೀ ಆರಿಹೋಗಿದೆ. ಇನ್ನೊಂದು ತರಿಸುತ್ತೇನೆ. ಎಷ್ಟು ಹೊತ್ತು ಬೇಕಾದರೂ ಕುಡಿಯಿರಿ. ನನ್ನ ಕುರ್ಚಿ ಉಳಿಸಿಕೊಟ್ಟಿರಿ.’

ಅಳಿಯ ಎರಡು ಸಲ ಓದಿದ. ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು ಒಂದೇ ಬೆರಳಲ್ಲಿ ಉತ್ತರ ಬರೆಯತೊಡಗಿದ. ಸ. ರಿ. ಆಮೇಲೆ ಕೆಳಗಿನ ಸಾಲಿಗೆ ಇಳಿದು, ಇಂತಿ. ಅಕ್ಕ ಯಾವತ್ತೂ ಯಾರಿಗೂ ಹೀಗೆ ಕಾದವಳಲ್ಲ. ಮುಂದೆ ‘ನಿ’ ಬಂತು. ಅಳಿಯ ಎಡಗೈಯನ್ನು ಈಚೆ ಚಾಚಿ, ಬಲಗಡೆಯ ಶಿಫ್ಟನ್ನು ಒತ್ತಿ ಹಿಡಿದು, ದ ಕೀ ಎಲ್ಲಿದೆ ಎಂದು ಹುಡುಕತೊಡಗಿದ. ಅಕ್ಕ ಮನಸ್ಸಿನಲ್ಲೇ ಎಣಿಸಿದಳು. ಎಂಟು, ಒಂಬತ್ತು, ಹತ್ತು. ಕಂಪ್ಯೂಟರ್ ತುಟಿ ಪಿಟಕ್ಕೆನ್ನಲಿಲ್ಲ.

‘ಧಾ’ ಮೂಡಿದಾಗಲೇ ಅಕ್ಕನಿಗೆ ಗೊತ್ತಾಯಿತು. ಮಗಳ ಹೊಟ್ಟೆಯಲ್ಲಿ ಒಂದು ಗುಟ್ಟೂ ನಿಂತಿಲ್ಲ, ಇವನಿಗೆ ಆ ಹೆಸರು ಇಷ್ಟು ದಿನವೂ ಗೊತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದಳು, ಆಗಲಿಲ್ಲ. ಉಳಿದ ‘ನಪ್ಪ’ ಬರುವಷ್ಟರಲ್ಲಿ ಹೊಸ ಟೀಯೂ ಬಂತು.