ದೊಡ್ಡವ್ವನ ಉಡಿ

"ಕುರಿ ಕಾಯೋರು ಗುಡಾರ ಹಾಕ್ತಾರ, ರಸ್ತೆ ಕೆಲಸದವ್ರು ಗುಡಾರ ಹಾಕ್ತಾರ. ಎರಡಂತಸ್ತಿನ ಮನಿ ಇದ್ದವ್ರು ಗುಡಾರ ಹಾಕೂದನ್ನ ಇವತ್ತ ನೋಡಾಕತ್ತೇನಿ," ಎನ್ನುತ್ತ ಗದಿಗೆವ್ವ ಕಾರಿನಿಂದ ಇಳಿದು ಸೆರಗು ಕೊಡವಿದಳು.

"ಯವ್ವಾ, ಇದಕ್ಕ ಗುಡಾರ ಅನ್ನಂಗಿಲ್ಲ, ಟೆಂಟ್ ಅಂತಾರ. ಕ್ಯಾಂಪಿಂಗ್," ಎಂದ ಹಿರಿಯ ಮಗ ವಿಜಯಮಹಾಂತೇಶ.

"ಹೆಸರ ಬ್ಯಾರೆ ಇಟ್ರ ಚಳಿ ಕಡಿಮಿ ಆಕ್ಕೈತೇನ?"

ಎಲ್ಲರೂ ನಕ್ಕರು. ಕಿರಿಯ ಸೊಸೆ ಅಂಜಲಿಯೂ ನಕ್ಕಳು. ಇವತ್ತು ನಗುತ್ತಲೇ ಇರಬೇಕೆಂದು ಬ್ಯಾಡಗಿಯಲ್ಲಿ ಕಾರು ಹತ್ತುವಾಗಲೇ ಅವಳು ಗಟ್ಟಿಮಾಡಿಕೊಂಡಿದ್ದಳು. ಹೊಟ್ಟೆಯಲ್ಲಿ ಆರು ತಿಂಗಳು, ಟೊಂಕದ ಮೇಲೆ ಎರಡು ವರ್ಷ ದಾಟಿದ ಮಗಳು ಅಕ್ಕು. ಗಳಗನಾಥದ ಗುಡಿಯ ಆಚೆ, ವರದಾ ಬಂದು ತುಂಗಭದ್ರೆಯನ್ನು ಸೇರುವಲ್ಲಿ, ಹೊಳೆ ಹಿಂದೆ ಸರಿದು ಅಗಲವಾದ ದಂಡೆ ಬಿಟ್ಟುಕೊಟ್ಟಿತ್ತು. ಅಲ್ಲಿ ವಿಜಯಮಹಾಂತೇಶನೂ ಅವನ ತಮ್ಮ, ಅಂಜಲಿಯ ಗಂಡ ಚೇತನಕುಮಾರನೂ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಟೆಂಟಿನ ಕಡ್ಡಿ ಸಿಕ್ಕಿಸತೊಡಗಿದರು. ಒಂದು ದೊಡ್ಡ ಟೆಂಟು, ಒಂದು ಸಣ್ಣದು. ಸುಗ್ಗಿಯ ಕಾಲದಲ್ಲಿ ಇವರಂಥ ಮೆಣಸಿನಕಾಯಿ ದಲಾಲಿ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಅಂಥದ್ದರಲ್ಲಿ ಭಾವ ವಿಜಯಮಹಾಂತೇಶ ರಜೆಯ ದಿನ ಎಲ್ಲರನ್ನೂ ಹೊಳೆದಂಡೆಗೆ ಕರೆತಂದಿದ್ದೇ ದೊಡ್ಡ ಸಂಗತಿ.

ಅಂಜಲಿಯ ಮನಸ್ಸಿನಲ್ಲಿದ್ದದ್ದು ಒಂದೇ. ಬರುವ ತಿಂಗಳು ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿಸಿಕೊಂಡು ಅವಳು ಬಾಣಂತನಕ್ಕೆ ತವರೂರು ಮೇಡ್ಲೇರಿಗೆ ಹೋಗುವವಳು. ಹೋಗುವಾಗ ಅಕ್ಕು ಅವಳ ಜೊತೆ ಇರಬೇಕು. ಇದರಲ್ಲಿ ಕೇಳುವುದಾದರೂ ಏನಿದೆ ಎಂದು ಬೇರೆ ಮನೆಯವರು ಅಂದಾರು. ಆದರೆ ಈ ಮನೆಯಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟ ಅಂಜಲಿಗೆ ಮಾತು ಕಡಿಮೆ, ಕಣ್ಣು ಚುರುಕು. ಒಗೆದು ಒಣಗಿಸಿದ ಅಕ್ಕುವಿನ ಅಂಗಿಗಳು ಕೆಳಗಿನ ಕಪಾಟಿಗೆ ಬರದೆ ಮೇಲಿನ ಮನೆಗೆ ಏರುತ್ತಿದ್ದವು. ಮೇಲೆ ಭಾವನ ಕೋಣೆಯಲ್ಲಿ ಒಂದು ಸಣ್ಣ ಮಂಚ ಬಂದಿತ್ತು. "ಎರಡೆರಡ ಕೂಸು ನಿನ್ನ ಕೈಲೆ ನೀಗಂಗಿಲ್ಲ ಬಿಡವ್ವಾ," ಎಂದು ಅತ್ತೆ ಗದಿಗೆವ್ವ ಊಟಕ್ಕೆ ಕೂತಾಗಲೆಲ್ಲ ಉಪ್ಪಿನಕಾಯಿಯ ಜೊತೆ ಆ ಮಾತನ್ನೂ ಬಡಿಸುತ್ತಿದ್ದಳು.

ಭಾವನಿಗೆ ಮಕ್ಕಳಿರಲಿಲ್ಲ. ಅವನ ಹೆಂಡತಿ ಪುಷ್ಪಲತಾ ಹುಬ್ಬಳ್ಳಿ, ದಾವಣಗೆರೆಯ ದವಾಖಾನೆಗಳ ಮೆಟ್ಟಿಲು ಸವೆಸಿ, ಈಗ ಆ ಮಾತನ್ನೇ ಬಿಟ್ಟಿದ್ದಳು. ಕೆಟ್ಟವಳಲ್ಲ. ಅಕ್ಕುವಿಗೆ ತುತ್ತು ಮಾಡಿ ಉಣ್ಣಿಸುವಾಗ ಅವಳ ಬಾಯಿಯೂ ಕೂಸಿನ ಬಾಯಿಯ ಸಂಗಡವೇ ತೆರೆಯುತ್ತಿತ್ತು. ಅದನ್ನು ನೋಡಿದಾಗ ಅಂಜಲಿಗೆ ಕನಿಕರವೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ಹೋದ ವಾರ ಅವಳು ಗಂಡನ ಮುಂದೆ ಬಾಯಿ ಬಿಟ್ಟಿದ್ದಳು. "ರೀ, ಅಕ್ಕೂನ ಬಿಟ್ಟ ನಾ ಮೇಡ್ಲೇರಿಗೆ ಹೋಗಂಗಿಲ್ಲ. ಭಾವಾರಿಗೆ ಒಂದ ಮಾತ ಹೇಳ್ರಿ."

"ಹೇಳ್ತೇನಿ ಮಾರಾಯ್ತಿ. ನೀ ಮೊದಲ ಆ ಮಾರಿ ಗಂಟ ಬಿಚ್ಚು," ಎಂದಿದ್ದ ಚೇತನಕುಮಾರ. "ರವಿವಾರ ಹೊಳಿಗೆ ಹೊಂಟೇವಲ್ಲ, ಅಲ್ಲಿ ಎಲ್ಲಾರ ಜೋಡಿ ನಕ್ಕೊಂತ ಇರು. ಅಣ್ಣನ ಮನಸ ಹಗರ ಇರ್ತೈತಿ. ಆವಾಗ ಮಾತ ತಗೀತೇನಿ."

ಅದಕ್ಕೇ ಈ ನಗು.

ಟೆಂಟು ಎದ್ದು ನಿಂತ ಮೇಲೆ ಪುಷ್ಪಲತಾ ಸಾಮಾನು ಹಂಚಿದಳು. ಅಕ್ಕುವಿನ ರಗ್ಗು, ಸ್ವೆಟರು, ಹಾಲಿನ ಬಾಟಲಿ ದೊಡ್ಡ ಟೆಂಟಿನೊಳಗೆ ಹೋದವು.

"ಅಕ್ಕಾರ, ಅಕ್ಕೂನ ರಗ್ಗು..." ಎಂದಳು ಅಂಜಲಿ.

"ನಿಮ್ಮ ಟೆಂಟ್ ಇಕ್ಕಟ್ಟೈತಿ, ಅಂಜೂ. ಮಲಗಿದಾಗ ಕೂಸು ನಿನ್ನ ಹೊಟ್ಟಿಗೆ ಒದ್ದಗಿದ್ದೀತು. ಒಂದ ರಾತ್ರಿ ನನ್ನ ಹಂತೇಕ ಇರ್ಲಿ."

ಅದು ಸುಳ್ಳಲ್ಲ. ಅಂಜಲಿ ಗಂಡನ ಕಡೆ ನೋಡಿದಳು. ಅವನು ಹಗ್ಗದ ಗಂಟು ಬಿಗಿಯುವುದರಲ್ಲೇ ಮುಳುಗಿದ್ದ. ಅವಳು ಮತ್ತೆ ನಕ್ಕಳು.

ಹೊತ್ತು ಇಳಿಯುವಾಗ ಗದಿಗೆವ್ವ ಚೀಲದಿಂದ ಅರಿಷಿಣ, ಕುಂಕುಮ, ಹಸಿರು ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ತೆಗೆದಳು. ಹೊಳೆಗೆ ಬಂದವರು ಗಂಗವ್ವನ ಉಡಿ ತುಂಬದೆ ಹೋಗುವುದುಂಟೆ? "ಬಸರಿ ಹೆಂಗಸು ನೀರಿಗೆ ಇಳೀಬಾರದು. ನೀ ದಂಡಿಮ್ಯಾಲ ನಿಂದ್ರು," ಎಂದು ಅಂಜಲಿಯನ್ನು ನಿಲ್ಲಿಸಿ, ಹಿರಿ ಸೊಸೆಯನ್ನು ಕರೆದುಕೊಂಡು ಮೊಳಕಾಲುದ್ದ ನೀರಿಗೆ ಇಳಿದಳು. ಪುಷ್ಪಲತಾ ಎಲ್ಲವನ್ನೂ ಮೊರದಲ್ಲಿಟ್ಟು ಹೊಳೆಗೆ ಬಿಟ್ಟಳು. ಬಂದವಳೇ ಒದ್ದೆ ಸೀರೆಯಲ್ಲೇ ದಂಡೆಯ ಮೇಲೆ ಕಾಲು ಮಡಚಿ ಕುಳಿತು, ಎರಡೂ ಕೈಯಿಂದ ಸೆರಗು ಚಾಚಿ ಉಡಿ ಒಡ್ಡಿದಳು.

"ಅಂಜವ್ವಾ, ಕೂಸನ್ನ ಆಕಿ ಉಡಿಯಾಗ ಕುಂದ್ರಸು," ಎಂದಳು ಗದಿಗೆವ್ವ.

ಅಂಜಲಿಗೆ ಈ ಪದ್ಧತಿ ಗೊತ್ತಿತ್ತು. ಮಕ್ಕಳಾಗದವಳ ಉಡಿಯಲ್ಲಿ ಇನ್ನೊಬ್ಬರ ಕೂಸನ್ನು ಕೂಡ್ರಿಸಿದರೆ ಆ ಉಡಿ ತುಂಬುತ್ತದೆ ಅನ್ನುತ್ತಾರೆ. ಮೇಡ್ಲೇರಿಯಲ್ಲಿ ಅವಳು ಸಣ್ಣವಳಿದ್ದಾಗ ಅವಳನ್ನೇ ಓಣಿಯ ಯಾರದೋ ಉಡಿಯಲ್ಲಿ ಕೂಡ್ರಿಸಿ, ಕೈಗೊಂದು ಬೆಲ್ಲದ ಹೆಂಟೆ ಕೊಟ್ಟು ಕಳಿಸಿದ್ದರು. ಮರುವರ್ಷವೇ ಆ ಮನೆಯಲ್ಲಿ ತೊಟ್ಟಿಲು ತೂಗಿತ್ತು. ಪುಷ್ಪಕ್ಕನಿಗೆ ತನ್ನದೇ ಒಂದು ಕೂಸಾದರೆ ಅಕ್ಕುವಿನ ಮೇಲಿನ ಕಣ್ಣು ತಾನಾಗಿ ತೆಗೆಯುತ್ತಾಳೆ, ಎಂದುಕೊಂಡಳು ಅಂಜಲಿ. ಇಡೀ ದಿನದಲ್ಲಿ ಅವಳು ಮನಸಾರೆ ಮಾಡಿದ ಕೆಲಸ ಅದೊಂದೇ. ಅಕ್ಕುವನ್ನು ಟೊಂಕದಿಂದ ಇಳಿಸಿ, ಬಗ್ಗಲಾರದೆ ಬಗ್ಗಿ, ಆ ಒದ್ದೆ ಉಡಿಯಲ್ಲಿ ಕೂಡ್ರಿಸಿದಳು. ಏನಾದರೂ ಕೈಗೆ ಕೊಡುವಾಗ ಯಾರಾದರೂ ಅನ್ನುವ ಮಾತನ್ನೇ ಅಂದಳು:

"ತಗೋರಿ ಅಕ್ಕಾರ."

"ಕೇಳಿದ್ಯಲ್ಲ ಗಂಗವ್ವಾ!" ಎಂದು ಗದಿಗೆವ್ವ ಹೊಳೆಯ ಕಡೆ ಕೈ ಮುಗಿದಳು.

ಪುಷ್ಪಲತಾ ಉಡಿಯ ಎರಡೂ ಚುಂಗು ಕೂಸಿನ ಸುತ್ತ ಕೂಡಿಸಿ ಹಿಡಿದು ಬಿಕ್ಕಿ ಅತ್ತಳು. ಭಾವ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದ, ಅವನ ಕಣ್ಣೂ ಒದ್ದೆಯಾಗಿತ್ತು. ಚೇತನಕುಮಾರ ಮಾತ್ರ ಆಚೆ ದಂಡೆಯ ಕಡೆ, ಅಲ್ಲಿ ಏನೋ ನಡೆದಿದೆ ಎಂಬಂತೆ, ನೋಡುತ್ತ ನಿಂತಿದ್ದ. ಆಮೇಲೆ ಪುಷ್ಪಲತಾ ಅಂಜಲಿಗೆ ಕುಂಕುಮ ಹಚ್ಚಿ ಒಂದು ಹೊಸ ಇಳಕಲ್ ಸೀರೆ ಕೊಟ್ಟಳು. ಬಸುರಿಗೆ ಕೊಟ್ಟ ಸೀರೆ ಎಂದು ಅಂಜಲಿ ಅದನ್ನು ಕಣ್ಣಿಗೊತ್ತಿಕೊಂಡಳು.

"ನಿನ್ನ ಮನಸ ದೊಡ್ಡದೈತವ್ವಾ," ಎಂದಳು ಅತ್ತೆ. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಬಾಯಿಂದ ಅಂಥ ಮಾತು ಅವಳು ಕೇಳಿರಲಿಲ್ಲ. ನಗುತ್ತ ಇದ್ದದ್ದಕ್ಕೆ ಫಲ ಬಂತು ಅನಿಸಿತು.

ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು ಎಲ್ಲರೂ ಬೇಗ ಮಲಗಿದರು. ದೊಡ್ಡ ಟೆಂಟಿನಲ್ಲಿ ಅಕ್ಕು ಸ್ವಲ್ಪ ಹೊತ್ತು "ಅವ್ವಾ, ಅವ್ವಾ" ಎಂದು ಅತ್ತಳು. ಅಂಜಲಿ ಎದ್ದು ಕುಳಿತಳು. ಚೇತನಕುಮಾರ ಅವಳ ಕೈ ಹಿಡಿದು, "ಮಲಗ ಸುಮ್ಮ. ರೂಢಿ ಆಕ್ಕೈತಿ," ಎಂದ. ಯಾವ ರೂಢಿ ಎಂದು ಅವಳು ಕೇಳುವುದರೊಳಗೆ ಅಳು ನಿಂತಿತ್ತು.

ಬೆಳಿಗ್ಗೆ ಅವಳು ಹೊರಗೆ ಬಂದಾಗ ಬಿಸಿಲು ಹೊಳೆಯ ಮೇಲೆ ಬಿದ್ದಿತ್ತು. ಪುಷ್ಪಲತಾ ಅಷ್ಟರಲ್ಲೇ ಅಕ್ಕುವಿಗೆ ಬಿಸಿನೀರಲ್ಲಿ ಎರೆದು, ಎರಡು ಜುಟ್ಟು ಹಾಕಿ, ಗಲ್ಲಕ್ಕೆ ಕಾಡಿಗೆ ಬೊಟ್ಟು ಇಟ್ಟಿದ್ದಳು. ಅಂಜಲಿ ಎರಡೂ ಕೈ ಚಾಚಿದಳು.

"ಬಾ ಅಕ್ಕೂ, ಅವ್ವನ ಕಡೆ ಬಾ."

ಅಕ್ಕು ಪುಷ್ಪಲತಾಳ ಸೀರೆ ಹಿಡಿದುಕೊಂಡೇ ತಾಯಿಯನ್ನು ನೋಡಿ ಹಲ್ಲು ಬಿಟ್ಟು, "ಚಿಗವ್ವ!" ಎಂದಳು.

ಗದಿಗೆವ್ವ ಚಪ್ಪಾಳೆ ಹೊಡೆದು ನಕ್ಕಳು. "ಭಾಳ ಶಾಣ್ಯಾ ಕೂಸ! ತಿಂಗಳಗಟ್ಟಲೆ ಕಲಿಸಿದ್ದು ಇವತ್ತ ಬಂತ ನೋಡು ಬಾಯಾಗ!"

ಅಂಜಲಿಯ ಕೈ ಚಾಚಿದಲ್ಲೇ ನಿಂತವು. ದೊಡ್ಡಪ್ಪನ ಹೆಂಡತಿ ದೊಡ್ಡವ್ವ, ಚಿಕ್ಕಪ್ಪನ ಹೆಂಡತಿ ಚಿಗವ್ವ. ಅಕ್ಕುವಿಗೆ ಇರುವವಳು ದೊಡ್ಡವ್ವ ಒಬ್ಬಳೇ. ಚಿಗವ್ವ ಎಂದು ಕರೆಯಲು ಆ ಮನೆಯಲ್ಲಿ ಯಾರೂ ಇರಲಿಲ್ಲ.

"ಯಾರ ಚಿಗವ್ವ?" ಎಂದಳು.

ಅವಳ ದನಿ ಕೇಳಿ ಪುಷ್ಪಲತಾ ತಲೆ ಎತ್ತಿದಳು. ಗದಿಗೆವ್ವನ ನಗು ಮಾತ್ರ ಇನ್ನೂ ಆರಿರಲಿಲ್ಲ. "ನೀನ ಅಲ್ಲೇನ? ಈಗ ಆಕಿ ಪುಷ್ಪಾನ ಮಗಳಾದಳಿಲ್ಲೋ. ಅಂದಮ್ಯಾಲ ನೀ ಚಿಗವ್ವನ ಆದಿ."

"ನಾ ಯಾವಾಗ ಕೊಟ್ಟೆ?"

"ಅಯ್ಯ ಇಕಿನ! ನಿನ್ನೆ ಗಂಗವ್ವನ ಮುಂದ ಕೈಯಾರೆ ಉಡಿಯಾಗ ಹಾಕಿ ತಗೋರಿ ಅಂದವ್ರ್ಯಾರ? ಹೊಳಿ ಅಂದಳೇನ?"

"ಅಕ್ಕಾರ ಉಡಿ ತುಂಬ್ಲಿ ಅಂತ ಕುಂದ್ರಿಸಿದ್ದು ನಾ! ಕುಂದ್ರಿಸಿ ಮತ್ತ ಎತ್ತಿಕೊಳ್ಳೂದು ಪದ್ಧತಿ..."

"ಎತ್ತಿಕೊಂಡ್ಯಾ?"

ಎತ್ತಿಕೊಂಡಿರಲಿಲ್ಲ. ಪುಷ್ಪಕ್ಕ ಅಳುತ್ತಿದ್ದಳು, ಅಳುವವಳ ಉಡಿಯಿಂದ ಕೂಸನ್ನು ಕಿತ್ತುಕೊಳ್ಳಲು ನಾಚಿಕೆಯಾಗಿತ್ತು. "ತಗೋ ಅಂದ್ರ ತಗೋ ಅಂತನ. ನಿಮ್ಮ ಮೇಡ್ಲೇರಿಯಾಗ ಅದಕ್ಕ ಬ್ಯಾರೆ ಅರ್ಥ ಐತೇನ?" ಎಂದಳು ಗದಿಗೆವ್ವ.

ಪುಷ್ಪಲತಾಳ ಮುಖ ಬಿಳಿಚಿತ್ತು. "ಅಂಜೂ, ನೀ ಒಪ್ಪೀದಿ ಅಂತ ಚೇತನ ಹೇಳಿದ್ದ. ಅಕ್ಕೂನ ನಿಮಗ ಕೊಡಾಕ ತಯಾರದಾಳ, ಆದ್ರ ಬಾಯಿಬಿಟ್ಟ ಹೇಳಾಕ ನಾಚತಾಳ, ನೀವೂ ಕೇಳಬ್ಯಾಡ್ರಿ ಅಂದಿದ್ದ. ಆಣಿ ಮಾಡಿ ಹೇಳ್ತೇನಿ, ನಾ ಅದನ್ನ ನಂಬಿದ್ದೆ."

ಚೇತನಕುಮಾರ ಟೆಂಟಿನ ಮೊಳೆ ಕೀಳುತ್ತಿದ್ದ. ಎಲ್ಲರೂ ಅವನ ಕಡೆ ತಿರುಗಿದಾಗ ಇನ್ನೊಂದು ಮೊಳೆಗೆ ಕೈ ಹಾಕಿದ.

"ಅಣ್ಣ ಕೇಳಿದ," ಎಂದ ನೆಲ ನೋಡುತ್ತಲೇ. "ಅಣ್ಣಗ ಇಲ್ಲ ಅನ್ನೂ ನಾಲಿಗಿ ನನಗ ದೇವರು ಕೊಟ್ಟಿಲ್ಲ. ಮ್ಯಾಲಿನ ಮನ್ಯಾಗ ಇದ್ರೇನು, ಕೆಳಗಿನ ಮನ್ಯಾಗ ಇದ್ರೇನು? ಕೂಸು ಎಲ್ಲಿ ಹೊಕ್ಕೈತಿ?"

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಒಪ್ತಿದ್ದಿಲ್ಲ."

ಅಂಜಲಿ ಮುಂದೆ ಹೋಗಿ ಅಕ್ಕುವಿನ ರಟ್ಟೆ ಹಿಡಿದಳು. ಪುಷ್ಪಲತಾ ಬಿಡುತ್ತಾಳೆ ಎಂದುಕೊಂಡಿದ್ದಳು. ನಂಬಿದ್ದೆ ಎಂದು ಈಗಷ್ಟೇ ಅಂದಿದ್ದಳಲ್ಲ. ಆದರೆ ಪುಷ್ಪಲತಾಳ ಕೈ ಬಿಚ್ಚಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಬಾಯಿ "ತಗೋ ಅಂಜೂ, ನಿಂದ ಕೂಸು" ಎನ್ನುತ್ತಿತ್ತು, ಬೆರಳುಗಳು ಮಾತ್ರ ಅಕ್ಕುವಿನ ಅಂಗಿಯಲ್ಲಿ ನೆಟ್ಟು ನಿಂತಿದ್ದವು. ನಡುವೆ ಸಿಕ್ಕ ಕೂಸು ಕಿರುಚಿಕೊಂಡಿತು. "ಅವ್ವಾ!" ಎಂದಿತು. ಯಾರನ್ನು ಕರೆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಅಂಜಲಿ ನೆಲಕ್ಕೆ ಕುಸಿದು ಕುಳಿತಳು. ಕೂಸಿನ ರಟ್ಟೆ ಬಿಡಲಿಲ್ಲ. "ಅಕ್ಕೂನ ಕೊಡಂಗಿಲ್ಲ. ನಾ ಮೇಡ್ಲೇರಿಗೂ ಹೋಗಂಗಿಲ್ಲ, ಬ್ಯಾಡಗಿಗೂ ಬರಂಗಿಲ್ಲ. ನೀವೆಲ್ಲಾ ಹೋಗ್ರಿ, ಇಲ್ಲೇ ಕುಂದರ್ತೇನಿ." ಇಷ್ಟು ಮಾತನ್ನು ಇಷ್ಟು ಜನರ ಮುಂದೆ ಅವಳು ಹುಟ್ಟಿದಾಗಿನಿಂದ ಆಡಿರಲಿಲ್ಲ. ನೀರು ತರಲು ಬಂದ ಗುಡಿಯ ಕಡೆಯ ಹೆಂಗಸರಿಬ್ಬರು ಕೊಡ ಇಳಿಸಿ ನೋಡುತ್ತ ನಿಂತರು.

ಗದಿಗೆವ್ವ ಅವರನ್ನು ನೋಡಿದಳು. ದನಿ ಇಳಿಸಿದಳು. "ಪುಷ್ಪಾ, ಬಿಡು ಅದನ್ನ. ಬುದ್ಧಿ ಬಂದ ಕೂಸು. ಎಷ್ಟ ಕಲಿಸಿದ್ರೂ ನಾಳೆ ಹೆತ್ತಾಕಿ ಕಡೆನ ಓಡ್ತೈತಿ." ಆಮೇಲೆ ಅಂಜಲಿಯ ಪಕ್ಕದಲ್ಲೇ, ಮೊಳಕಾಲು ಹಿಡಿದುಕೊಂಡು, ನೆಲದ ಮೇಲೆ ಕುಳಿತಳು. "ನೋಡವ್ವಾ, ಇದು ನಿಂದಾತು. ಹೊಟ್ಯಾಗ ಇನ್ನೊಂದೈತಲ್ಲ. ಅದಕ್ಕ ಯಾರ ಮಾರೀನೂ ಗೊತ್ತಿಲ್ಲ. ಹುಟ್ಟಿದ ಕೂಡ್ಲೆ ಪುಷ್ಪಾನ ಉಡಿಗೆ ಹಾಕು. ಅದಕ್ಕೂ ಸುಖ, ನಿನಗೂ ಸುಖ."

"ಹೌದ ನೋಡು," ಎಂದ ಚೇತನಕುಮಾರ. ಬೆಳಗಿನಿಂದ ಮೊದಲ ಸಲ ಅವಳ ಮುಖ ನೋಡಿದ. ಭಾರ ಇಳಿಸಿದವನ ಹಾಗಿತ್ತು ಅವನ ಮುಖ. "ಇದ ಚಲೋ. ಇದಕ್ಕ ಯಾರಿಗೂ ನೋವಿಲ್ಲ."

ಅಂಜಲಿ ಭಾವನನ್ನು ನೋಡಿದಳು. ಅವನು ಕೈ ಕಟ್ಟಿಕೊಂಡು ಕಾಯುತ್ತಿದ್ದ. ಪುಷ್ಪಲತಾಳನ್ನು ನೋಡಿದಳು. ಅವಳ ಬೆರಳು ಇನ್ನೂ ಅಂಗಿಯಲ್ಲೇ ಇದ್ದವು. ಅಕ್ಕು ಬಿಕ್ಕುತ್ತ ತಾಯಿಯ ಕೊರಳಿನ ತಾಳಿಸರಕ್ಕೆ ಕೈ ಹಾಕಿದಳು. ಬೇಡ ಎಂದರೆ ಎದ್ದು ಹೋಗುವುದು ಎಲ್ಲಿಗೆ? ಮೇಡ್ಲೇರಿಗೆ ಹೋದರೆ ಅವ್ವ ಅಳುತ್ತಾಳೆ, ಅಪ್ಪ ನಾಲ್ಕು ದಿನ ಇಟ್ಟುಕೊಂಡು, "ಅವ್ರ ಮನಿ ಕೂಸವ್ವಾ" ಎಂದು ಕರೆತಂದು ಬಿಡುತ್ತಾನೆ. ಆಗ ಎರಡೂ ಕೂಸು ಹೋಗುತ್ತವೆ.

"ಹೂಂ," ಎಂದಳು.

"ಹಂಗಲ್ಲ. ಬಾಯಿಬಿಟ್ಟ ಹೇಳು," ಎಂದಳು ಗದಿಗೆವ್ವ. "ಆಮ್ಯಾಲ ಅದಂದೆ, ಇದಂದೆ ಅನಬಾರದು."

"ಕೊಡ್ತೇನಿ."

ಪುಷ್ಪಲತಾಳ ಕೈ ಸಡಿಲಾಯಿತು. ಅಕ್ಕು ಒಮ್ಮೆಲೆ ತಾಯಿಯ ಮೈಮೇಲೆ ಬಂದು ಬಿದ್ದಳು.

ಆಮೇಲೆ ಎಲ್ಲರೂ ಓಡಾಡತೊಡಗಿದರು. ಭಾವ ಟೆಂಟಿನೊಳಗಿಂದ ದಿಂಬು ತಂದು ಅಂಜಲಿಯ ಬೆನ್ನಿಗೆ ಕೊಡಲು ತಮ್ಮನಿಗೆ ಹೇಳಿದ. "ತಂಪ ನೆಲ, ಹಂಗ ಕುಂದ್ರಬಾರದವ್ವಾ," ಎಂದು ಗದಿಗೆವ್ವ ಚಾಪೆ ಎಳೆದು ತಂದಳು. ಗಾಡಿ ಸಾವಕಾಶ ಹೊಡೆಯಬೇಕು, ದಾರಿಯಲ್ಲಿ ರಾಣೆಬೆನ್ನೂರಿನ ಡಾಕ್ಟರಿಗೂ ಒಮ್ಮೆ ತೋರಿಸಿಕೊಂಡು ಹೋಗಬೇಕು ಎಂದು ಮಾತಾಯಿತು. ಆರು ತಿಂಗಳಲ್ಲಿ ಆ ಹೊಟ್ಟೆ ಹೇಗಿದೆ ಎಂದು ಕೇಳಿದವರಿರಲಿಲ್ಲ. ಈಗ ಅದು ಮನೆಯವರೆಲ್ಲರ ಕಣ್ಣಿಗೆ ಬಿದ್ದಿತ್ತು.

ಪುಷ್ಪಲತಾ ಲೋಟದಲ್ಲಿ ಬಿಸಿ ಹಾಲು ತಂದು ಕೊಟ್ಟಳು. ಎದುರಿಗೆ ಮೊಳಕಾಲೂರಿ ಕುಳಿತಳು. ಆಮೇಲೆ ಕೆಳದನಿಯಲ್ಲಿ ಕೇಳಿದಳು.

"ಒದೀತೈತೇನ, ಅಂಜೂ?"

"ಸಂಜಿಮುಂದ ಭಾಳ ಒದೀತೈತಿ," ಎಂದಳು ಅಂಜಲಿ. "ಹುಳಿ ತಿಂದ್ರ ಒಟ್ಟ ಸುಮ್ಮ ಇರಂಗಿಲ್ಲ. ಎಡಗಡೆ ಮಲಗಿದ್ರ ಸಮಾಧಾನ ಆಕ್ಕೈತಿ ಅದಕ್ಕ."

ಪುಷ್ಪಲತಾ ತಲೆಯಾಡಿಸುತ್ತ ಒಂದೊಂದನ್ನೂ ಕೇಳಿಸಿಕೊಂಡಳು. ಅವಳ ಕೈ ಮುಂದೆ ಬಂದು, ಮುಟ್ಟಲೋ ಬೇಡವೋ ಎಂದು ನಡುದಾರಿಯಲ್ಲಿ ನಿಂತಿತು. ಅಂಜಲಿ ಅಕ್ಕುವನ್ನು ಬಲತೊಡೆಗೆ ಸರಿಸಿಕೊಂಡು ಆ ಕೈಗೆ ಜಾಗ ಮಾಡಿಕೊಟ್ಟಳು.